ಹದಿನೆಂಟು ತುಂಬಿದ ಮರುದಿನ ಮಲಗುವುದೆಲ್ಲಿ

ಪ್ರಶ್ನೆ: ನಾನು ಧಾರವಾಡದಲ್ಲಿರುವ ನಿವೃತ್ತ ಮುಖ್ಯೋಪಾಧ್ಯಾಯ. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿರುವುದರಿಂದ ಮೂರು ಕೋಣೆ, ಒಂದು ಅಡುಗೆಮನೆ ಇರುವ ನಮ್ಮ ಮನೆಯ ಮೇಲಂತಸ್ತು ನಾಲ್ಕು ವರ್ಷಗಳಿಂದ ಖಾಲಿ ಇದೆ. ಬಾಲಮಂದಿರದಲ್ಲಿ ಬೆಳೆದು 18 ತುಂಬಿ ಹೊರಬರುವ ಹುಡುಗರಿಗೆ ಅದನ್ನು ಬಿಟ್ಟುಕೊಡಬೇಕೆಂದು ನಾನೂ ನನ್ನ ಪತ್ನಿಯೂ ಯೋಚಿಸಿದ್ದೇವೆ. ಆದರೆ ಹಿಂದಿನ ಒಂದು ಅನುಭವ ನಮ್ಮನ್ನು ಹಿಂಜರಿಸುತ್ತಿದೆ. ಅಂಥ ಒಬ್ಬ ಹುಡುಗನಿಗೆ ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಕೆಲಸ ಕೊಡಿಸಿ, ಬಟ್ಟೆಬರೆ, ಕೈಖರ್ಚು ಕೊಟ್ಟಿದ್ದೆ. ಈಗ ಅವನಿಗೆ 20 ವರ್ಷ ಐದು ತಿಂಗಳು; ಕೆಲಸ ಬಿಟ್ಟು ರೈಲು ನಿಲ್ದಾಣದಲ್ಲಿ ಮಲಗುತ್ತಿದ್ದಾನೆಂದು ಮೊನ್ನೆ ತಿಳಿಯಿತು. ಕೆಲಸವನ್ನೇ ಉಳಿಸಿಕೊಳ್ಳದವರಿಗೆ ಮನೆ ಕೊಟ್ಟು ಪ್ರಯೋಜನವಾದೀತೆ, ಅಥವಾ ಅವರನ್ನು ನಾವೇ ಸೋಮಾರಿಗಳನ್ನಾಗಿ ಮಾಡಿದಂತಾದೀತೆ? ಬೇರೆ ಕಡೆಗಳ ಅನುಭವ ಏನು ಹೇಳುತ್ತದೆ? ಕಾನೂನಿನ ತೊಡಕುಗಳಿವೆಯೆ?

ಉತ್ತರ: ಮಾನ್ಯರೆ, ನಿಮ್ಮ ಪತ್ರವನ್ನು ಓದುತ್ತ ‘ಕೆಲಸ ಬಿಟ್ಟು’ ಎಂಬಲ್ಲಿ ನಾನು ತಡೆದು ನಿಂತೆ. ಖಾನಾವಳಿ, ಬೇಕರಿ, ಕಲ್ಯಾಣ ಮಂಟಪದ ಅಡುಗೆ ಗುತ್ತಿಗೆ, ಕಟ್ಟಡದ ಕಾವಲು ಮುಂತಾದ ಕಡೆ ಸೇರುವ ಹುಡುಗರಿಗೆ ಸಂಬಳದ ಜೊತೆಗೆ ಊಟವೂ ಮಲಗುವ ಜಾಗವೂ ಸಿಗುತ್ತವೆ ಎಂಬುದು ನಮಗೆಲ್ಲ ಅನುಕೂಲವಾಗಿಯೇ ಕಾಣುತ್ತದೆ. ಕೆಲಸ ಕೊಡಿಸಿದವರು ಚಿಂತೆ ಕಳೆಯಿತೆಂದು ನಿರಾಳವಾಗುವುದೂ ಅದಕ್ಕಾಗಿಯೇ. ಆದರೆ ಆ ಏರ್ಪಾಟಿನಲ್ಲಿ ಮಾಲೀಕನೊಡನೆ ಮಾತು ಹೆಚ್ಚುಕಡಿಮೆಯಾದರೆ, ಜ್ವರ ಬಂದು ನಾಲ್ಕು ದಿನ ಏಳಲಾಗದಿದ್ದರೆ, ಕೆಲಸ ಹೋದ ದಿನವೇ ಹಾಸಿಗೆಯೂ ಹೋಗುತ್ತದೆ, ಊಟವೂ ಹೋಗುತ್ತದೆ. ನಿಮ್ಮ ಮನೆಯಲ್ಲೋ ನನ್ನ ಮನೆಯಲ್ಲೋ 20ರ ಹರೆಯದವರಿಗೆ ಮೊದಲ ಕೆಲಸ ಕೈತಪ್ಪಿದ್ದರೆ ಅವರು ಮನೆಗೆ ಬಂದು, ಎರಡು ದಿನ ಮುಖ ಊದಿಸಿಕೊಂಡು ಮಲಗಿ, ಮೂರನೆಯ ದಿನ ಎದ್ದು ಬೇರೆ ಕೆಲಸ ಹುಡುಕುತ್ತಿದ್ದರು. ಆ ಹುಡುಗನಿಗೆ ಆ ಎರಡು ದಿನ ಮುಖ ಊದಿಸಿಕೊಂಡು ಮಲಗಲು ಜಾಗವಿರಲಿಲ್ಲ. ಅವನು ಕೆಲಸವನ್ನು ಏಕೆ ಬಿಟ್ಟನೆಂಬುದು ನನಗೆ ಗೊತ್ತಿಲ್ಲ. ಕೆಲಸ ಬಿಟ್ಟವರೆಲ್ಲ ನಿಲ್ದಾಣದಲ್ಲಿ ಮಲಗುವುದಿಲ್ಲ ಎಂಬುದಂತೂ ಗೊತ್ತು.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು: ಸೂರನ್ನು ಬೇರೆ ಯಾವುದಕ್ಕೂ ಅಡವಿಡಬಾರದು, ಕೆಲಸಕ್ಕೂ ಅಲ್ಲ, ಓದಿಗೂ ಅಲ್ಲ, ನಮ್ಮ ಮೆಚ್ಚುಗೆಗೂ ಅಲ್ಲ. ಮುಂದೆ ನಾನು ಹೇಳುವುದೆಲ್ಲ ಇದರ ವಿಸ್ತರಣೆಯಷ್ಟೆ.

ನೆಲೆಯಿಲ್ಲದ ಯುವಜನರು ನಮ್ಮ ಲೆಕ್ಕಕ್ಕೆ ಸಿಗುವುದು ಕಡಿಮೆ. 2011ರ ಜನಗಣತಿ ದೇಶದಲ್ಲಿ 17.7 ಲಕ್ಷ ವಸತಿರಹಿತರನ್ನು ಎಣಿಸಿತು. ಆದರೆ ಎಣಿಕೆಯವರು ರಾತ್ರಿ ಹೋಗಿ ನೋಡಿದ್ದು ಪಾದಚಾರಿ ಮಾರ್ಗ, ಮೇಲ್ಸೇತುವೆಯ ಅಡಿ, ದೇವಸ್ಥಾನದ ಅಂಗಳ, ರೈಲು ನಿಲ್ದಾಣ ಮುಂತಾದ ಬಯಲು ಜಾಗಗಳನ್ನು. ಖಾನಾವಳಿಯ ಅಟ್ಟದ ಮೇಲೆ ಮಲಗುವವನು, ಗೆಳೆಯನ ಕೋಣೆಯಲ್ಲಿ ಮನೆಯೊಡೆಯನಿಗೆ ಕಾಣದಂತೆ ಹತ್ತು ದಿನ ಉಳಿಯುವವನು, ಆಸರೆಗಾಗಿಯೇ ಯಾರದೋ ಮನೆ ಸೇರಿ ಹೇಳಿಕೊಳ್ಳಲಾರದ ಕಷ್ಟದಲ್ಲಿರುವ ಹುಡುಗಿ, ಇವರು ಯಾರೂ ಆ ಪಟ್ಟಿಯಲ್ಲಿಲ್ಲ. ಸರ್ಕಾರದ ಆಶ್ರಯದಲ್ಲಿ ಬೆಳೆದವರ ಪಾಡನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ ಅಧ್ಯಯನಗಳಲ್ಲಿ ಅಮೆರಿಕದ ಇಲಿನಾಯ್, ವಿಸ್ಕಾನ್ಸಿನ್, ಅಯೋವ ರಾಜ್ಯಗಳದ್ದು ಪ್ರಸಿದ್ಧ. 26 ವಯಸ್ಸಾಗುವಷ್ಟರಲ್ಲಿ ಅವರಲ್ಲಿ ಶೇ. 31ರಿಂದ 46ರಷ್ಟು ಮಂದಿ ಒಮ್ಮೆಯಾದರೂ ನೆಲೆ ಕಳೆದುಕೊಂಡಿದ್ದರೆಂದು 2013ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆ ಅಂದಾಜಿಸಿತು. ಇಷ್ಟು ಜನರಿಗೆ ಆಗುವುದನ್ನು ಒಬ್ಬೊಬ್ಬರ ಸ್ವಭಾವದೋಷವೆಂದು ಕರೆಯಲಾಗದು.

ಅದೇ ಅಧ್ಯಯನದ ಇನ್ನೊಂದು ಸಂಗತಿ ನಿಮ್ಮ ಯೋಜನೆಗೆ ನೇರವಾಗಿ ಸಂಬಂಧಿಸಿದ್ದು. ಇಲಿನಾಯ್‌ನಲ್ಲಿ ಆಗ 21ರ ವರೆಗೆ ಆಶ್ರಯದಲ್ಲಿರಲು ಅವಕಾಶವಿತ್ತು. ಉಳಿದೆರಡು ರಾಜ್ಯಗಳಲ್ಲಿ ಬಹುಮಟ್ಟಿಗೆ 18ಕ್ಕೇ ಮುಗಿಯುತ್ತಿತ್ತು. ಮೂರು ವರ್ಷ ಹೆಚ್ಚು ಉಳಿಸಿಕೊಂಡದ್ದರಿಂದ ಬೀದಿಗೆ ಬೀಳುವುದು ಮುಂದಕ್ಕೆ ಹೋಯಿತು ಎಂಬುದು ಕಂಡಿತು, ಆದರೆ ಅದು ತಪ್ಪಿತು ಎನ್ನಲು ಪುರಾವೆ ಸಾಲಲಿಲ್ಲ. ಅಂಚನ್ನು ಮೂರು ಹೆಜ್ಜೆ ಆಚೆ ಸರಿಸಿದರೂ ಅದು ಅಂಚಾಗಿಯೇ ಉಳಿಯಿತು. ನಿಮ್ಮ ಮೇಲಂತಸ್ತಿಗೆ ಬರುವ ಹುಡುಗನಿಗೆ ‘ಇಂಥ ತಾರೀಖಿಗೆ ಖಾಲಿ ಮಾಡಬೇಕು’ ಎಂದು ಮೊದಲ ದಿನವೇ ಹೇಳುವ ಮುನ್ನ ಇದನ್ನು ನೆನಪಿಸಿಕೊಳ್ಳಿ.

ಬೇರೆ ಕಡೆಗಳ ಅನುಭವವನ್ನು ಕೇಳಿದ್ದೀರಿ. ನೆಲೆಯಿಲ್ಲದವರನ್ನು ಮೊದಲು ಸಾಮೂಹಿಕ ಆಶ್ರಯತಾಣದಲ್ಲಿಟ್ಟು, ಕುಡಿತ ಬಿಟ್ಟರೆ, ಚಿಕಿತ್ಸೆಗೆ ಒಪ್ಪಿದರೆ, ಶಿಸ್ತಿನಿಂದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಕಳಿಸಿ ಕೊನೆಗೆ ಸ್ವಂತ ಕೋಣೆ ಕೊಡುವುದು ಬಹುಕಾಲ ನಡೆದುಬಂದ ಪದ್ಧತಿ. ಹೆಚ್ಚಿನವರು ನಡುವಿನ ಮೆಟ್ಟಿಲಿನಲ್ಲೇ ಜಾರುತ್ತಿದ್ದರು. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಈ ಕ್ರಮವನ್ನು ತಲೆಕೆಳಗು ಮಾಡಿ, ಬೀದಿಯಲ್ಲಿದ್ದ ಮನೋರೋಗಿಗಳಿಗೆ ಯಾವ ಪರೀಕ್ಷೆಯನ್ನೂ ಒಡ್ಡದೆ ಮೊದಲು ಮನೆ ಕೊಟ್ಟು, ಆಮೇಲೆ ಅವರು ಬಯಸಿದ ನೆರವನ್ನು ಮನೆಬಾಗಿಲಿಗೆ ಒಯ್ದರು. ‘ಹೌಸಿಂಗ್ ಫಸ್ಟ್’ ಎಂದು ಹೆಸರಾದ ಈ ಕ್ರಮವನ್ನು ಕೆನಡಾ ದೇಶ 2009ರಿಂದ 2013ರ ವರೆಗೆ ವ್ಯಾಂಕೂವರ್, ವಿನ್ನಿಪೆಗ್, ಟೊರಾಂಟೊ, ಮಾಂಟ್ರಿಯಲ್, ಮಾಂಕ್ಟನ್ ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ನಡುವೆ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಪರೀಕ್ಷಿಸಿ ನೋಡಿತು. ಅವರಲ್ಲಿ 18ರಿಂದ 24 ವಯಸ್ಸಿನವರು 156 ಮಂದಿ. ಮೊದಲು ಮನೆ ಪಡೆದ ಯುವಜನರು ಅಧ್ಯಯನದ ಅವಧಿಯ ದಿನಗಳಲ್ಲಿ ಶೇ. 65ರಷ್ಟನ್ನು ಸ್ಥಿರವಾದ ನೆಲೆಯಲ್ಲಿ ಕಳೆದರೆ, ಊರಿನಲ್ಲಿ ಎಂದಿನಂತೆ ಸಿಗುವ ನೆರವನ್ನಷ್ಟೇ ಪಡೆದವರು ಕಳೆದದ್ದು ಶೇ. 31ರಷ್ಟನ್ನು.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದೇ ಯುವಜನರಲ್ಲಿ ಉದ್ಯೋಗ, ಬದುಕಿನ ಬಗೆಗಿನ ತೃಪ್ತಿ ಮುಂತಾದ ವಿಷಯಗಳಲ್ಲಿ ಅಷ್ಟು ಸ್ಪಷ್ಟವಾದ ಮೇಲುಗೈ ಕಾಣಲಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2018ರಲ್ಲಿ, ವಯಸ್ಕರೆಲ್ಲರನ್ನೂ ಗಮನದಲ್ಲಿಟ್ಟುಕೊಂಡು, ಬೆಂಬಲಸಹಿತ ವಸತಿಯ ಬಗ್ಗೆ ಇದ್ದ ಸಾಕ್ಷ್ಯಗಳನ್ನು ಪರಿಶೀಲಿಸಿದಾಗಲೂ, ಜನರು ಮನೆಯಲ್ಲಿ ಉಳಿಯುತ್ತಾರೆಂಬುದು ಗಟ್ಟಿಯಾಗಿ ಕಂಡಿತೇ ಹೊರತು, ಎಚ್‌ಐವಿ ಸೋಂಕಿತರನ್ನು ಬಿಟ್ಟರೆ ಉಳಿದವರ ಆರೋಗ್ಯ ಅದರಿಂದಲೇ ಸುಧಾರಿಸಿತೆಂಬುದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಮನೆ ಕೊಟ್ಟರೆ ಮನೆ ಸಿಕ್ಕಿದಂತಾಗುತ್ತದೆ. ಅದು ಸಣ್ಣ ಫಲವಲ್ಲ, ಆದರೆ ಉಳಿದ ಫಲಗಳು ತಾವಾಗಿಯೇ ಉದುರುವುದಿಲ್ಲ. 45 ವಯಸ್ಸಿನವನು ಕಳೆದುಕೊಂಡ ಬದುಕನ್ನು ಮತ್ತೆ ಕಟ್ಟುತ್ತಾನೆ; 19 ವಯಸ್ಸಿನವನು ಮೊದಲ ಸಲ ಕಟ್ಟುತ್ತಿರುತ್ತಾನೆ, ಮತ್ತು ಬಾಡಿಗೆ, ಬ್ಯಾಂಕು, ಪಡಿತರ, ಜಗಳ, ರಾಜಿ ಎಲ್ಲವನ್ನೂ ಕಲಿಸಿಕೊಡುವವರು ಅವನಿಗೆ ಬೇಕು.

ಈ ಕಲಿಕೆಯ ಭಾಗವನ್ನು ಗಮನಿಸಿದವರು ಫ್ರಾನ್ಸಿನವರು. ಎರಡನೆಯ ಮಹಾಯುದ್ಧದ ನಂತರ ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ನಗರಗಳಿಗೆ ಬಂದ ಎಳೆಯರಿಗಾಗಿ ಅಲ್ಲಿ ‘ಫ್ವಾಯೆ’ ಎಂಬ ನಿಲಯಗಳು ಹರಡಿದವು. ಒಲೆಯ ಸುತ್ತಲಿನ ಜಾಗ ಎಂಬುದು ಆ ಪದದ ಮೂಲಾರ್ಥ. 1992ರಲ್ಲಿ ಬ್ರಿಟನ್ ಅದನ್ನು ತನ್ನದಾಗಿಸಿಕೊಂಡಿತು. 2004ರಲ್ಲಿ ನ್ಯೂಯಾರ್ಕಿನ ಚೆಲ್ಸಿ ಬಡಾವಣೆಯಲ್ಲಿ, ಆಶ್ರಯ ವ್ಯವಸ್ಥೆಯಿಂದ ಹೊರಬರುವವರಿಗಾಗಿ ಅದೇ ಮಾದರಿಯ ನಿಲಯ ಆರಂಭವಾಯಿತು. ಸ್ವಂತ ಕೋಣೆ, ಜೊತೆಗೊಬ್ಬ ಮಾರ್ಗದರ್ಶಿ, ಕೆಲಸ ಅಥವಾ ಓದಿಗೆ ಸಂಬಂಧಿಸಿ ನಿವಾಸಿಯೇ ಬರೆದುಕೊಡುವ ಕರಾರು, ಪ್ರತಿ ತಿಂಗಳು ಸಣ್ಣ ಮೊತ್ತದ ಪಾವತಿ, ಇವು ಅದರ ಲಕ್ಷಣಗಳು. ಕರಾರನ್ನು ಪಾಲಿಸದವರನ್ನು ಹೊರಹಾಕುವ ಕಡೆ ಮಾತ್ರ ಈ ಮಾದರಿ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಸೂರು ಮತ್ತೆ ಅಡಮಾನಕ್ಕೆ ಬೀಳುತ್ತದೆ.

ಇದನ್ನೆಲ್ಲ ಓದುವಾಗ ನಮ್ಮಲ್ಲೇ ಇದ್ದ ಏರ್ಪಾಟುಗಳು ನೆನಪಾಗುತ್ತವೆ. ವಾರಾನ್ನದ ಹುಡುಗ ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ. ಸಿದ್ಧಗಂಗೆಯಲ್ಲಿ, ನಿಮ್ಮ ಊರಿನ ಮುರುಘಾಮಠದ ಪ್ರಸಾದ ನಿಲಯದಲ್ಲಿ ಬಡ ವಿದ್ಯಾರ್ಥಿಗಳಿಗೆ ಅನ್ನವೂ ಸೂರೂ ಸಿಕ್ಕವು. ಅದರ ಗುಣಗಾನ ಬೇಕಾದಷ್ಟು ಆಗಿದೆ. ವಾರಾನ್ನಕ್ಕೆ ಜಾತಿಯ ಗೆರೆಯಿತ್ತು, ಏಳರಲ್ಲಿ ಒಂದು ಮನೆ ತಪ್ಪಿದರೆ ಆ ದಿನ ಉಪವಾಸವಿತ್ತು ಎಂಬುದನ್ನೂ ಮರೆಯಬಾರದು. ಆದರೆ ಒಂದು ಗುಣ ಅಲ್ಲಿತ್ತು. ಅಂಥ ನಿಲಯದಲ್ಲಿ ಓದಿದವರು ಕೆಲಸಕ್ಕೆ ಸೇರಿದ ಮೇಲೂ ಜಾತ್ರೆಗೆ, ಹಬ್ಬಕ್ಕೆ ಅಲ್ಲಿಗೆ ಹೋಗುತ್ತಿದ್ದರು, ಮದುವೆಯ ಮೊದಲ ಲಗ್ನಪತ್ರಿಕೆಯನ್ನು ಅಲ್ಲಿ ಇಟ್ಟು ಬರುತ್ತಿದ್ದರು. ಬಾಲಮಂದಿರದಿಂದ ಹೊರಬಂದವನು ಮಾತ್ರ ಮರುದಿನದಿಂದ ಆ ಗೇಟಿನ ಮಟ್ಟಿಗೆ ಹೊರಗಿನವನು. ದೀಪಾವಳಿಯ ರಜೆಯಲ್ಲಿ ಎಲ್ಲರೂ ಊರಿಗೆ ಹೊರಟಾಗ ತನಗೆ ಹೋಗಲು ಊರಿಲ್ಲ ಎಂಬುದು ಅವನಿಗೆ ಗೊತ್ತಾಗುತ್ತದೆ. ನಾನು ಮಾತಾಡಿಸಿದವರಲ್ಲಿ ಬಹಳ ಮಂದಿ ತಮ್ಮ ಕಷ್ಟಗಳ ಪಟ್ಟಿಯಲ್ಲಿ ಹಸಿವಿಗಿಂತ ಮುಂಚೆ ಹೇಳಿದ್ದು ಇದನ್ನು.

ಈಗ ಕಾನೂನು. 2015ರ ಬಾಲನ್ಯಾಯ ಕಾಯ್ದೆಯ 46ನೆಯ ಕಲಮು 18 ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ನೆರವು ನೀಡಲು ಅವಕಾಶ ಕೊಡುತ್ತದೆ. ಇಲಾಖೆಯ ಭಾಷೆಯಲ್ಲಿ ಇದು ಅನುಪಾಲನೆ. 21ರ ವರೆಗೆ, ವಿಶೇಷ ಸಂದರ್ಭಗಳಲ್ಲಿ 23ರ ವರೆಗೆ ಇದು ನಡೆಯಬಹುದು. 2016ರ ಮಾದರಿ ನಿಯಮಗಳು ಆರರಿಂದ ಎಂಟು ಮಂದಿಯ ಗುಂಪು ಮನೆ, ತರಬೇತಿಯ ಕಾಲದಲ್ಲಿ ಶಿಷ್ಯವೇತನ, ಕೌಶಲ ತರಬೇತಿ, ಸ್ವಂತ ಉದ್ಯೋಗಕ್ಕೆ ಸಾಲದ ಏರ್ಪಾಟು, ಆಪ್ತಸಮಾಲೋಚನೆ ಇವನ್ನೆಲ್ಲ ಹೆಸರಿಸುತ್ತವೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಈ ಮೊತ್ತದಲ್ಲಿ ಹುಬ್ಬಳ್ಳಿಯಲ್ಲಿ ಒಂದು ಹಾಸಿಗೆಯ ಪಿ.ಜಿ. ಬಾಡಿಗೆ ಕೊಟ್ಟು ಉಣ್ಣುವುದು ಕಷ್ಟ, ಬೆಂಗಳೂರಿನ ಮಾತೇ ಬೇಡ. ಆದರೆ ಬಾಡಿಗೆಯ ಹೊರೆಯನ್ನು ನಿಮ್ಮಂಥವರು ತಗ್ಗಿಸಿದರೆ ಅದೇ ಹಣ ಊಟಕ್ಕೂ ಬಸ್ ಪಾಸಿಗೂ ಒದಗುತ್ತದೆ. ನೀವು ಮೊದಲು ಕಾಣಬೇಕಾದವರು ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗಳು. ಅವರ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸದೆ ಬಾಲಮಂದಿರದಿಂದ ನೇರವಾಗಿ ಹುಡುಗರನ್ನು ಕರೆತರಬೇಡಿ; ಅವರ ಪಾಲಿನ ನೆರವು ಬರುವುದು ಆ ದಾರಿಯಿಂದಲೇ.

ತೊಡಕೆಂದರೆ ವಯಸ್ಸು. 18 ತುಂಬಲು ಇನ್ನು ಹದಿನೈದು ದಿನವಿದ್ದರೂ ಆ ಹುಡುಗನನ್ನು ಕರುಣೆಯಿಂದ ಇಟ್ಟುಕೊಳ್ಳಬೇಡಿ. ಪಾಲನೆ ಬೇಕಾದ ಮಕ್ಕಳನ್ನಿರಿಸುವ ಸಂಸ್ಥೆ 41ನೆಯ ಕಲಮಿನ ಪ್ರಕಾರ ನೋಂದಣಿಯಾಗಿರಬೇಕು; ನೋಂದಣಿಯಿಲ್ಲದೆ ನಡೆಸಿದರೆ 42ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. 18 ತುಂಬಿದವರು ವಯಸ್ಕರು, ತಾವೇ ಕರಾರಿಗೆ ಸಹಿ ಹಾಕಬಲ್ಲವರು. ಆ ಸಹಿಯನ್ನು ಹಾಕಿಸಿ. ಬಾಡಿಗೆ ಕರಾರು ಪತ್ರ ಇದ್ದವನಿಗೆ ವಿಳಾಸ ಇರುತ್ತದೆ, ವಿಳಾಸ ಇದ್ದರೆ ಆಧಾರ್ ತಿದ್ದಿಸಬಹುದು, ಬ್ಯಾಂಕ್ ಖಾತೆ ತೆರೆಯಬಹುದು, ಕೆಲಸದ ಅರ್ಜಿಯಲ್ಲಿ ಖಾಲಿ ಬಿಡುತ್ತಿದ್ದ ಸಾಲನ್ನು ತುಂಬಬಹುದು. ಮನೆ ಅನ್ನುವುದು ಎಷ್ಟರಮಟ್ಟಿಗೆ ಕಾಗದಪತ್ರದ ಸಂಗತಿಯೂ ಹೌದು ಎಂಬುದು ಅದು ಇಲ್ಲದವರಿಗಷ್ಟೇ ಗೊತ್ತು.

ನಡೆಸುವ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸದುದ್ದೇಶದ ಮನೆಗಳು ಮುರಿದುಬೀಳುವುದು ಇಲ್ಲಿಯೇ. ನಿಯಮ ಆರು ಮಂದಿ ಎಂದರೂ ನಿಮ್ಮ ಮೂರು ಕೋಣೆಗಳಿಗೆ ಮೊದಲ ವರ್ಷ ಮೂವರು ಸಾಕು. ಹತ್ತು ವರ್ಷ ಸಾಲು ಹಾಸಿಗೆಗಳ ನಡುವೆ ಮಲಗಿದವನಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ ಹೊಸದು. ಮೊದಮೊದಲು ಒಂಟಿತನಕ್ಕೆ ಹೆದರಿ ಮೂವರೂ ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡಾರು, ಆಗಲಿ ಬಿಡಿ. ಬೀಗದ ಕೈ ಅವರ ಕೈಯಲ್ಲಿರಲಿ, ಮತ್ತು ಮೆಟ್ಟಿಲು ನಿಮ್ಮ ನಡುಮನೆಯ ಮೂಲಕ ಹಾದುಹೋಗುವುದಾದರೆ ಹೊರಗಿನಿಂದ ಬೇರೆ ಮೆಟ್ಟಿಲು ಮಾಡಿಸಿ. ರಾತ್ರಿ ಹತ್ತು ಗಂಟೆಗೆ ಮೇಲಕ್ಕೆ ಹೋಗಿ ತಲೆ ಎಣಿಸುವ ಆಸೆಯನ್ನು ನೀವು, ಮುಖ್ಯೋಪಾಧ್ಯಾಯರಾಗಿದ್ದವರು, ವಿಶೇಷವಾಗಿ ಹತ್ತಿಕ್ಕಿಕೊಳ್ಳಬೇಕಾದೀತು.

ಬಾಲಮಂದಿರದಲ್ಲಿ ಏಳಲು ಗಂಟೆ, ಉಣ್ಣಲು ಗಂಟೆ, ಪ್ರಾರ್ಥನೆಗೆ ಗಂಟೆ. ಅಲ್ಲಿ ಬೆಳೆದವನು ಅಕ್ಕಿಯ ಬೆಲೆ ಕೇಳಿರುವುದಿಲ್ಲ, ಗ್ಯಾಸ್ ಸಿಲಿಂಡರ್ ಬುಕ್ ಮಾಡಿರುವುದಿಲ್ಲ, ಕರೆಂಟ್ ಬಿಲ್ ನೋಡಿರುವುದಿಲ್ಲ, ಎಷ್ಟೋ ಸಲ ಒಬ್ಬನೇ ಬಸ್ ಹತ್ತಿ ಬೇರೆ ಊರಿಗೆ ಹೋಗಿರುವುದಿಲ್ಲ. ಮೊದಲ ಸಂಬಳ ಮೊಬೈಲಿಗೂ ಬೂಟಿಗೂ ಹೋಗಿ 12ನೆಯ ತಾರೀಖಿಗೆ ಕೈ ಬರಿದಾಗುವುದು ಇವರ ದುರ್ಗುಣವಲ್ಲ. ನನ್ನ ಮೊದಲ ಸಂಬಳವೂ ಬಹುಮಟ್ಟಿಗೆ ಹಾಗೆಯೇ ಖರ್ಚಾಗಿತ್ತು, ಆದರೆ ಊಟ ನಮ್ಮವ್ವನ ಮನೆಯಲ್ಲಿ ನಡೆಯುತ್ತಿತ್ತು. ನಿಮ್ಮ ಪತ್ನಿಯವರು ದಿನವೂ ಅಡುಗೆ ಮಾಡಿ ಕಳಿಸುವ ಬದಲು, ಮೊದಲ ತಿಂಗಳು ವಾರದ ಸಂತೆಗೆ ಅವರನ್ನು ಕರೆದೊಯ್ದು ರೊಟ್ಟಿ, ಪಲ್ಯ, ಅನ್ನ, ಸಾರು ಮಾಡಲು ಕಲಿಸಿದರೆ ಅದು ನೂರು ದಿನದ ಊಟಕ್ಕಿಂತ ದೊಡ್ಡದು. ಅಡುಗೆಮನೆಯ ಡಬ್ಬಿಯಿಂದ ಬಿಸ್ಕತ್ತು, ಸಕ್ಕರೆ ಮಾಯವಾಗಿ ಯಾರದೋ ಟ್ರಂಕಿನಲ್ಲಿ ಸಿಕ್ಕರೆ ಕಳ್ಳತನವೆಂದು ಕೂಗಾಡಬೇಡಿ. ಅನ್ನಕ್ಕೆ ಖಾತರಿಯಿಲ್ಲದೆ ಬೆಳೆದವರು ಬಚ್ಚಿಡುತ್ತಾರೆ, ಡಬ್ಬಿ ದಿನವೂ ತುಂಬಿರುತ್ತದೆಂದು ನಂಬಿಕೆ ಬಂದಮೇಲೆ ನಿಲ್ಲಿಸುತ್ತಾರೆ.

ಬಾಡಿಗೆ ಪಡೆಯಬೇಕೆ? ಪಡೆಯಿರಿ, ಆದರೆ ಆದಾಯಕ್ಕೆ ತಕ್ಕಂತೆ. ಬಾಡಿಗೆಯ ಒಂದು ಪಾಲನ್ನು ಸರ್ಕಾರವೇ ತುಂಬುವ ಅಮೆರಿಕದ ವಸತಿ ಚೀಟಿ ಯೋಜನೆಯಲ್ಲಿ ಬಾಡಿಗೆದಾರ ಸಾಮಾನ್ಯವಾಗಿ ಆದಾಯದ ಶೇ. 30ರಷ್ಟು ಕೊಡುತ್ತಾನೆ, ಆದಾಯ ಇಳಿದರೆ ಅವನ ಪಾಲೂ ಇಳಿಯುತ್ತದೆ. ನೀವು ಶೇ. 10ರಿಂದ ಶುರು ಮಾಡಿ. ಕೆಲಸವಿಲ್ಲದ ತಿಂಗಳು ಸೊನ್ನೆ. ಆ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಅವನು ಮುಂದೆ ಬೇರೆ ಮನೆ ಹಿಡಿಯುವ ದಿನ ಅಡ್ವಾನ್ಸಿಗೆಂದು ಹಿಂದಿರುಗಿಸುವವರನ್ನು ನಾನು ಕಂಡಿದ್ದೇನೆ. ಹಲವು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ನಮ್ಮ ಊರುಗಳಲ್ಲಿ ಸಂಬಳವಿದ್ದವನೂ ಹೊರಗುಳಿಯುವುದು ಇದೊಂದೇ ಕಾರಣಕ್ಕೆ.

ನಿಯಮಗಳು ಇರಲೇಬೇಕು. ಹೊಡೆದಾಟವಿಲ್ಲ, ಮನೆಯೊಳಗೆ ಕುಡಿತ ಅಥವಾ ಗಾಂಜಾ ಇಲ್ಲ, ಮೂವರ ಒಪ್ಪಿಗೆಯಿಲ್ಲದೆ ಹೊರಗಿನವರು ರಾತ್ರಿ ಉಳಿಯುವಂತಿಲ್ಲ. ಇಷ್ಟೇ ಸಾಕು, ಇಪ್ಪತ್ತು ನಿಯಮ ಬರೆದರೆ ಅದು ಇನ್ನೊಂದು ಬಾಲಮಂದಿರ. ನಿಯಮ ಮುರಿದಾಗ ಏನು ಮಾಡುವುದೆಂಬುದು ಕಷ್ಟದ ಪ್ರಶ್ನೆ, ಏಕೆಂದರೆ ಹೊರಹಾಕುವುದೊಂದೇ ಶಿಕ್ಷೆ ಎಂದಿಟ್ಟುಕೊಂಡರೆ ಮೊದಲ ತಪ್ಪಿಗೇ ನಿಮ್ಮ ಕೈ ಬರಿದಾಗುತ್ತದೆ. ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂಥದ್ದಾದರೆ ಅವನನ್ನು ಬೇರೆಡೆಗೆ ಕಳಿಸಲೇಬೇಕು, ಅದೂ ಇನ್ನೊಂದು ಸೂರನ್ನು ಹುಡುಕಿಕೊಟ್ಟು. ಉಳಿದ ತಪ್ಪುಗಳು ನೀವು ಶಾಲೆಯಲ್ಲಿ ಮೂವತ್ತು ವರ್ಷ ಕಂಡಂಥವೇ.

ಇನ್ನು ಬೇಕಾದದ್ದು ಒಬ್ಬ ಮನುಷ್ಯ. ಆಪ್ತಸಮಾಲೋಚಕರು ವಾರಕ್ಕೊಮ್ಮೆ ಬಂದರೆ ಒಳ್ಳೆಯದು, ಆದರೆ ನಾನು ಹೇಳುತ್ತಿರುವುದು ಅವರನ್ನಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವವರು, ಆಸ್ಪತ್ರೆಯ ಚೀಟಿಯಲ್ಲಿ ಹೆಸರು ಬರೆಸಬಹುದಾದವರು, ಹುಡುಗಿಯ ಮನೆಯವರೊಡನೆ ಮಾತಾಡಲು ಹಿರಿಯರಾಗಿ ಹೋಗಬಲ್ಲವರು. ಬಾಲಮಂದಿರದಲ್ಲಿ ಸೂಪರಿಂಟೆಂಡೆಂಟರು ವರ್ಗವಾಗುತ್ತಾರೆ, ಸ್ವಯಂಸೇವಕರು ಪರೀಕ್ಷೆ ಮುಗಿದೊಡನೆ ಕಾಣೆಯಾಗುತ್ತಾರೆ. ಬಿಟ್ಟುಹೋಗುವವರನ್ನು ನೋಡಿ ನೋಡಿ ಈ ಮಕ್ಕಳು ತಾವೇ ಮೊದಲು ಬಿಟ್ಟುಹೋಗುವುದನ್ನು ಕಲಿತಿರುತ್ತಾರೆ. ಮೊದಲ ಆರು ತಿಂಗಳಲ್ಲಿ ನಿಮ್ಮನ್ನು ಅವರು ಪರೀಕ್ಷಿಸುತ್ತಾರೆ. ಹೇಳದೆ ನಾಲ್ಕು ದಿನ ಹೋಗುತ್ತಾರೆ, ಬಂದು ಬಾಗಿಲು ತಟ್ಟುತ್ತಾರೆ, ನಿಮ್ಮ ಮುಖ ನೋಡುತ್ತಾರೆ. ನೀವೂ ನಿಮ್ಮ ಪತ್ನಿಯೂ ಇಬ್ಬರೇ ಇದನ್ನು ಹೊರಲಾಗದು. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನಲ್ಲೇ ನೆಲೆಯೂರಿದವರನ್ನು, ತಲೆಗೊಬ್ಬರಂತೆ ಜೊತೆ ಮಾಡಿ, ಮತ್ತು ಕನಿಷ್ಠ ಮೂರು ವರ್ಷ ಊರು ಬಿಡದವರನ್ನೇ ಆರಿಸಿ.

ಸೋಮಾರಿತನದ ಪ್ರಶ್ನೆ ಉಳಿಯಿತು. ಕೋಣೆಗೆ ಬಂದ ಮೊದಲ ವಾರಗಳಲ್ಲಿ ಈ ಹುಡುಗರು ನಿಜಕ್ಕೂ ಬಹಳ ಮಲಗುತ್ತಾರೆ. ನಿಲ್ದಾಣದಲ್ಲಿ ಮಲಗುವವನು ಚೀಲವನ್ನು ತಲೆಯಡಿಗಿಟ್ಟು, ಪೊಲೀಸರ ಲಾಠಿಗೂ ಕಳ್ಳರ ಕೈಗೂ ಕಿವಿಗೊಟ್ಟು, ತುಂಡು ತುಂಡಾಗಿ ನಿದ್ದೆ ಮಾಡಿರುತ್ತಾನೆ. ಆ ಸಾಲ ಮೊದಲು ತೀರಬೇಕು. ಆಮೇಲೂ ಮೂರು ನಾಲ್ಕು ತಿಂಗಳು ಕೋಣೆಯಿಂದ ಹೊರಬರದೆ, ಊಟ ಬಿಟ್ಟು, ಮಾತು ಕಡಿಮೆ ಮಾಡಿದರೆ ಅದನ್ನು ಸೋಮಾರಿತನವೆನ್ನದೆ ಖಿನ್ನತೆಯೆಂದು ಶಂಕಿಸಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ನಿಮಗೆ ಅದು ಊರಲ್ಲೇ ಇರುವುದು ಭಾಗ್ಯ. ಕೆಲಸದ ವಿಷಯದಲ್ಲಿ, ಎರಡು ಮೂರು ಕೆಲಸ ಬಿಟ್ಟು ನಾಲ್ಕನೆಯದರಲ್ಲಿ ನಿಲ್ಲುವುದು ಈ ವಯಸ್ಸಿಗೆ ಸಹಜ. ನಿಮ್ಮ ಮನೆಯ ಗುಣ ಗೊತ್ತಾಗುವುದು ಅವನು ಎರಡನೆಯ ಕೆಲಸ ಬಿಟ್ಟ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದರಿಂದ.

ನೀವು ಹುಡುಗರ ಬಗ್ಗೆ ಮಾತ್ರ ಬರೆದಿದ್ದೀರಿ, ಮತ್ತು ಒಂದೇ ಅಡುಗೆಮನೆಯ ಮನೆಯಲ್ಲಿ ಅದೇ ಸರಿ. ಹುಡುಗಿಯರ ಪಾಡು ಇನ್ನೂ ಮರೆಯಲ್ಲಿದೆ, ಏಕೆಂದರೆ ಅವರನ್ನು ಮದುವೆ ಮಾಡಿ ಕಳಿಸುವುದನ್ನೇ ಪುನರ್ವಸತಿಯೆಂದು ಭಾವಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಗಂಡನ ಮನೆಯೂ ಅಡವಿಟ್ಟ ಸೂರೇ ಆಗಬಹುದು. ಅದು ಬೇರೆಯೇ ದೀರ್ಘ ಉತ್ತರ ಬೇಡುವ ವಿಷಯವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ಕೊನೆಗೆ ನಿಲ್ದಾಣದ ಹುಡುಗ. ನೀವು ಕೊಟ್ಟ ಲೆಕ್ಕದಂತೆ ಅವನಿಗೆ 21 ತುಂಬಲು ಏಳು ತಿಂಗಳಿವೆ, ಅನುಪಾಲನೆಯ ಅರ್ಜಿಗೆ ಅದು ಅಲ್ಪ ಕಾಲ. ಆದ್ದರಿಂದ ಮೇಲಂತಸ್ತಿಗೆ ಸುಣ್ಣ ಬಳಿಸುವವರೆಗೆ ಕಾಯಬೇಡಿ. ಈ ಭಾನುವಾರವೇ ಹುಬ್ಬಳ್ಳಿಗೆ ಹೋಗಿ. ಕೆಲಸ ಏಕೆ ಬಿಟ್ಟೆ ಎಂಬುದನ್ನು ಅವನು ತಾನಾಗಿ ಹೇಳುವವರೆಗೆ ಕೇಳದಿರಿ. ಊಟ ಮಾಡಿಸಿ, ಆಧಾರ್ ಕಾರ್ಡು, ಅಂಕಪಟ್ಟಿ, ಬಾಲಮಂದಿರದಿಂದ ಬಿಡುಗಡೆಯಾದ ಆದೇಶದ ಪ್ರತಿ ಅವನ ಚೀಲದಲ್ಲಿ ಇವೆಯೇ ನೋಡಿ. ನಿಲ್ದಾಣದಲ್ಲಿ ಚೀಲ ಕಳೆದುಹೋಗಿದ್ದರೂ ಗಾಬರಿಯಿಲ್ಲ, ಆದೇಶದ ಇನ್ನೊಂದು ಪ್ರತಿಯನ್ನು ಸಂಸ್ಥೆಯ ಕಡತದಿಂದ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಕೇಳಬಹುದು. ಸೋಮವಾರ ಅವನನ್ನೇ ಜೊತೆಗೆ ಕರೆದುಕೊಂಡು ರಕ್ಷಣಾ ಘಟಕದ ಕಚೇರಿಗೆ ಹೋಗಿ, ಅರ್ಜಿಯ ವಿಳಾಸದ ಜಾಗದಲ್ಲಿ ನಿಮ್ಮ ಮನೆಯ ವಿಳಾಸ ಬರೆಸಿ.